ಹತ್ತು ಬೋರ್ಡು, ಒಂದು ಪೂಲು

ಓಂಕಾರಮೂರ್ತಿ ಆ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸಂಸೆಯ ಎಸ್‌ಟಿಡಿ ಬೂತಿನಿಂದ ಶಿವಮೊಗ್ಗಕ್ಕೆ ಮೆಲ್ಲಗೆ ಮಾತಾಡಿ ಕೇಳಿಸಿದವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಲೈನಿನಲ್ಲಿ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು. ಹಾಗಾಗಿ ಅವನು ಒಂದು ಕಿವಿಗೆ ಬೆರಳು ತುರುಕಿಕೊಂಡು, ಕಣ್ಣು ಮುಚ್ಚಿ, ಕೂಗಿದ.

"ಸುರೇಂದ್ರ ಸಾರ್, ಬೋರ್ಡ್ ಬಂತು. ಹತ್ತೂ ಬಂದಿದೆ. ನಮ್ಮ ಪೂಲ್ ಕೊನೆಗೂ ಕೈಗೂಡ್ತು. ಇವತ್ತೇ ಶುರು ಮಾಡ್ತಿದೀನಿ. ಐವತ್ತು ಅಂದ್ರೆ ಐವತ್ತು ಕೊಡುತ್ತೆ, ಅನುಮಾನವೇ ಬೇಡ. ಹತ್ತೇ ಜನಕ್ಕೆ ಇರೋದು, ಬೇರೆ ಯಾರಿಗೂ ಹೇಳ್ಬೇಡಿ."

ಓಂಕಾರಮೂರ್ತಿ ಊರಿನ ಪಕ್ಕದ ಎಸ್ಟೇಟಿನಲ್ಲಿ ರೈಟರು. ರೈಟರು ಅಂದರೆ ಆಳುಗಳ ಹಾಜರಿ ಬರೆಯುವವನು, ಕತೆ ಬರೆಯುವವನಲ್ಲ. ಹಾಜರಿ ಬರೆದು ಮಿಕ್ಕ ಹೊತ್ತಿನಲ್ಲಿ ಅವನಿಗೆ ಒಂದೇ ಹುಚ್ಚು. ತನ್ನ ಕೈಯಾರೆ ಒಂದು ಆಂಪ್ಲಿಫಯರ್ ಮಾಡಬೇಕು, ಅದರಲ್ಲಿ ಹಾಡು ಕೇಳಬೇಕು. ಈವರೆಗೆ ಮೂರು ಮಾಡಿದ್ದ. ಮೊದಲನೆಯದು ಹಾಡಿನ ಬದಲು ಗುಂಯ್ ಎಂದಿತು. ಎರಡನೆಯದು ಏನೂ ಅನ್ನದೆ ಹೊಗೆ ಬಿಟ್ಟಿತು. ಮೂರನೆಯದು ಕ್ಯಾಸೆಟ್ ಹಾಕದಿದ್ದರೂ ಯಾವುದೋ ದೇಶದ ವಾರ್ತೆಯನ್ನು ತನ್ನಷ್ಟಕ್ಕೆ ತಾನೇ ಹೇಳಿ ಸುಮ್ಮನಾಯಿತು. ತಂತಿಗಳನ್ನು ಗೊಜಲು ಗೊಜಲಾಗಿ ಜೋಡಿಸಿದರೆ ಹೀಗೇ ಆಗುವುದು, ಸರಿಯಾದ ಸರ್ಕ್ಯೂಟ್ ಬೋರ್ಡ್ ಬೇಕು ಎಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮೂಲಕ ಪರಿಚಯವಾದ ಶಿವಮೊಗ್ಗದ ಸುರೇಂದ್ರ ಪತ್ರ ಬರೆದರು. ನಕ್ಷೆಯನ್ನೂ ಅವರೇ ಬರೆದುಕೊಟ್ಟರು. ಆದರೆ ಬೆಂಗಳೂರಿನಲ್ಲಿ ಬೋರ್ಡ್ ಅಚ್ಚು ಮಾಡುವವರು ಒಂದೆರಡು ಮಾಡಿಕೊಡುವುದಿಲ್ಲ, ಕಡೇಪಕ್ಷ ಹತ್ತು ಬೇಕು ಎಂದುಬಿಟ್ಟರು. ಓಂಕಾರಮೂರ್ತಿಗೆ ಊರೂರಿಗೆ ಕಾಗದ ಬರೆದು, ಮುಖ ನೋಡದ ಒಂಬತ್ತು ಮಂದಿಯನ್ನು ಕೂಡಿಸಲು ಎರಡು ವರ್ಷ ಹಿಡಿಯಿತು. ಕಾಫಿಸೀಮೆಯವನಾದ್ದರಿಂದ ಆ ಕೂಟಕ್ಕೆ ಅವನು 'ಪೂಲ್' ಎಂದು ಹೆಸರಿಟ್ಟಿದ್ದ. ಐವತ್ತು ಅಂದರೆ ಐವತ್ತು ವಾಟ್, ಎಡಕ್ಕೆ ಐವತ್ತು, ಬಲಕ್ಕೆ ಐವತ್ತು.

ಇದನ್ನೆಲ್ಲ ಸುರೇಂದ್ರ ಬಲ್ಲರು. ಬೂತಿನ ಹೊರಗೆ ಸರದಿಗಾಗಿ ಕಾಯುತ್ತಿದ್ದ ರೇವಣ್ಣ ಬಲ್ಲನೇ?

ಮೂರೆಕರೆ ತೋಟದ ರೇವಣ್ಣ ಓಂಕಾರಮೂರ್ತಿಯ ಪಕ್ಕದ ಮನೆಯವನು. ಊರಿನ ಸುದ್ದಿಯನ್ನೆಲ್ಲ ಊರಿಗೇ ಹಂಚುವುದು ಅವನ ಇನ್ನೊಂದು ಕಸುಬು. ಆ ಸೀಮೆಯಲ್ಲಿ ಯಾರಾದರೂ 'ಬೋರ್ಡ್' ಅಂದರೆ ಅದು ಕಾಫಿ ಬೋರ್ಡ್, ಬೇರೆ ಬೋರ್ಡೇ ಇಲ್ಲ. 'ಪೂಲ್' ಅಂದರೆ ಹಿಂದೆ ಬೆಳೆಗಾರರೆಲ್ಲ ತಮ್ಮ ಕಾಫಿಯನ್ನು ಬೋರ್ಡಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಮನೆಗೆ ಬರುತ್ತಿದ್ದ ಆ ವ್ಯವಸ್ಥೆ. ಅದು ನಿಂತು ಐದು ವರ್ಷವಾಗಿತ್ತು. ಈಗ ಎರಡು ಸಾವಿರದ ಒಂದನೇ ಇಸವಿಯ ಫೆಬ್ರವರಿ. ಕಾಫಿ ಬೆಲೆ ನೆಲ ಕಚ್ಚಿ, ಮನೆಮನೆಯಲ್ಲೂ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಕೇಳುವವರಿಲ್ಲದೆ ಬಿದ್ದಿದ್ದವು. ಪೂಲ್ ಇದ್ದಿದ್ದರೆ ಎಂದು ನಿಟ್ಟುಸಿರು ಬಿಡದ ಮನೆಯಿರಲಿಲ್ಲ. ಐವತ್ತು ಅಂದರೆ ಕಿಲೋಗೆ ಐವತ್ತು ರೂಪಾಯಿ, ಕೊಳ್ಳುವುದು ರೈಟರ ಮನೆಯಲ್ಲೇ ಎಂದು ಲೆಕ್ಕ ಹಾಕಿದ ರೇವಣ್ಣ, ಮೂಡಿಗೆರೆಯ ತಂಗಿಗೆ ಫೋನು ಮಾಡಲು ಬಂದದ್ದನ್ನು ಮರೆತು, ಪಂಚೆ ಎತ್ತಿ ಕಟ್ಟಿಕೊಂಡು ಸರಸರ ನಡೆದ.

ಓಂಕಾರಮೂರ್ತಿಗೆ ಹಿಂದೆ ತಿರುಗಿ ನೋಡಲು ಪುರಸೊತ್ತಿರಲಿಲ್ಲ. ಎಂಟು ಗಂಟೆಯ ಜೀಪಿನಲ್ಲಿ ಹೆಂಡತಿ ದಿವ್ಯಾ ತವರಿಗೆ ಹೋಗಿದ್ದಳು. ತವರು ಎದುರಿನ ಗುಡ್ಡದಲ್ಲೇ. ಕಣ್ಣಿಗೆ ಕಾಣುವಷ್ಟು ಹತ್ತಿರ, ರಸ್ತೆ ಮಾತ್ರ ಹೊಳೆ ಸುತ್ತಿಕೊಂಡು ಒಂದು ಗಂಟೆ. ಹೋಗುವಾಗ ಅವಳು ಬಾಗಿಲಲ್ಲಿ ನಿಂತು ಸಾವಕಾಶವಾಗಿ ಹೇಳಿದ್ದಳು: "ಮನೇಲಿರೋ ಒಂದು ಮೇಜಿನ ಮೇಲೆ ಎರಡು ವರ್ಷದಿಂದ ನಾವು ಊಟ ಮಾಡಿಲ್ಲ. ಸಾಯಂಕಾಲ ನಾನು ಬರೋ ಹೊತ್ತಿಗೆ ನಿಮ್ಮ ಆಂಪ್ಲಿಫಯರ್ ಹಾಡ್ಬೇಕು. ಹಾಡ್ಲಿಲ್ಲ ಅಂದ್ರೆ ಅದರ ಸಾಮಾನೆಲ್ಲ ಗುಜರಿಯವನಿಗೆ. ಅಪ್ಪನ ಹತ್ರ ಇನ್ನು ನಗಿಸ್ಕೊಳ್ಳೋಕೆ ನನ್ನಿಂದ ಆಗಲ್ಲ."

ಅಪ್ಪ ಅಂದರೆ ಗಿಡ್ಡಪ್ಪ. ಹೆಸರು ಗಿಡ್ಡಪ್ಪ, ಆಳು ಆರಡಿ. ಅಳಿಯನನ್ನು ನೆಂಟರಿಗೆ ಪರಿಚಯಿಸುವಾಗ 'ನಮ್ಮ ಅಳಿಯಂದ್ರು, ಗುಂಯ್ ಅನ್ನಿಸೋದ್ರಲ್ಲಿ ಬಹಳ ಬುದ್ಧಿವಂತ್ರು' ಎನ್ನುವುದು ಅವರ ಅಭ್ಯಾಸ. ಓಂಕಾರಮೂರ್ತಿಗೆ ಆ ಮಾತು ಊಟದ ನಡುವೆ ಕಲ್ಲು ಸಿಕ್ಕಂತೆ ಆಗುತ್ತಿತ್ತು. ಇವತ್ತು ಹಾಡಿಸಲೇಬೇಕು ಎಂದುಕೊಂಡು ಮೇಜಿನ ಮುಂದೆ ಕೂತ. ಹಸಿರು ಬಣ್ಣದ ಬೋರ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕಿಟಕಿಯ ಬಿಸಿಲಿಗೆ ಇಟ್ಟ. ಅದರ ಅಂಚಿನಲ್ಲಿ ಬಿಳಿ ಅಕ್ಷರದಲ್ಲಿ 'ಪೂಲ್' ಎಂದೇ ಅಚ್ಚಾಗಿತ್ತು. ಉಳಿದ ಒಂಬತ್ತಕ್ಕೂ ಅವನೇ ನಂಬರಿನ ಚೀಟಿ ಅಂಟಿಸಿ, ನಾಳೆ ಟಪಾಲಿಗೆ ಹಾಕಲು ಡಬ್ಬಿಯಲ್ಲಿ ಜೋಡಿಸಿಟ್ಟಿದ್ದ.

ಹತ್ತೂವರೆಗೆ ಕಿಟಕಿಯಲ್ಲಿ ರೇವಣ್ಣನ ಮುಖ ಮೂಡಿತು.

"ರೈಟ್ರೇ, ಬೋರ್ಡ್ ಬಂದಿದೆಯಂತಲ್ಲ?"

ಓಂಕಾರಮೂರ್ತಿಗೆ ಬಹಳ ಖುಷಿಯಾಯಿತು. ಎರಡು ವರ್ಷದಲ್ಲಿ ಅವನ ಆಂಪ್ಲಿಫಯರಿನ ವಿಷಯವನ್ನು ತಾನಾಗಿ ಕೇಳಿಕೊಂಡು ಬಂದ ಮೊದಲ ಮನುಷ್ಯ ಇವನು. ನಿನ್ನೆಯ ಟಪಾಲಿನಲ್ಲಿ ಬಂತು ಎಂದ.

"ಪೂರ್ತಿ ಒಣಗಿರ್ಬೇಕಾ, ಸ್ವಲ್ಪ ತೇವ ಇದ್ರೆ ನಡೆಯುತ್ತಾ?"

ಬಿಸಿಲಿಗಿಟ್ಟ ಬೋರ್ಡನ್ನು ನೋಡಿ ಇವನಿಗೆ ಅಷ್ಟೆಲ್ಲ ತಿಳಿಯಿತಲ್ಲ ಎಂದು ಓಂಕಾರಮೂರ್ತಿಗೆ ಮೆಚ್ಚುಗೆ ಉಕ್ಕಿತು. "ತೇವ ಇರಲೇಬಾರದು ರೇವಣ್ಣ. ಒಂಚೂರು ತೇವ ಇದ್ರೂ ಕೆಟ್ಟುಹೋಗುತ್ತೆ."

"ಎರಡೂ ತಗೊಳ್ಳುತ್ತಾ, ಒಂದೇನಾ?"

ರೇವಣ್ಣ ಕೇಳಿದ್ದು ಕಾಫಿಯ ಎರಡು ಜಾತಿ, ಅರೇಬಿಕಾ ಮತ್ತು ರೋಬಸ್ಟಾ. ಓಂಕಾರಮೂರ್ತಿ ಹೇಳಿದ್ದು ಎಡ ಮತ್ತು ಬಲ. "ಎರಡೂ. ಎರಡೂ ಒಂದರಲ್ಲೇ ಹೋಗುತ್ತೆ. ಅದೇ ಇದರ ಹೆಚ್ಚುಗಾರಿಕೆ."

"ಬೋರ್ಡ್ ಅಂದ್ರೆ ಬೋರ್ಡೇ ಮಾರಾಯ್ರೇ," ಎಂದ ರೇವಣ್ಣನ ಕಣ್ಣು ಒದ್ದೆಯಾಗಿತ್ತು. ವಿಜ್ಞಾನದ ಮೇಲೆ ಇಷ್ಟೊಂದು ಪ್ರೀತಿ ಇರುವವನನ್ನು ಇಷ್ಟು ದಿನ ಹರಟೆಮಲ್ಲ ಎಂದುಕೊಂಡಿದ್ದೆನಲ್ಲ ಎಂದು ಓಂಕಾರಮೂರ್ತಿ ನೊಂದುಕೊಂಡು, ಮತ್ತೆ ಬೆಸುಗೆ ಹಾಕಲು ಬಗ್ಗಿದ.

ಬೆಸುಗೆ ಹಾಕುವವನಿಗೆ ಹೊರಗಿನ ಲೋಕ ಇರುವುದಿಲ್ಲ. ಜಗಲಿಯ ಮೇಲೆ ದೊಪ್ಪೆಂದು ಏನೋ ಬಿತ್ತು. ಬೆಕ್ಕು ಇರಬೇಕು ಎಂದುಕೊಂಡ. ಇನ್ನೊಂದು ಸಲ ಬಿತ್ತು. ಮತ್ತೂ ಬಿತ್ತು. ಐವತ್ತು ಕಿಲೋ ತೂಗುವ ಬೆಕ್ಕು ಸಂಸೆಯಲ್ಲಿ ಇಲ್ಲ ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಹನ್ನೆರಡಾಗಿತ್ತು. ಎದ್ದು ಹೋಗಿ ಬಾಗಿಲು ತಳ್ಳಿದ. ಮನೆಗಿದ್ದ ಆ ಒಂದೇ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅಲ್ಲಾಡಲಿಲ್ಲ. ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದರೆ ಜಗಲಿಯ ತುಂಬ ಮೂಟೆ, ಅಂಗಳದ ತುಂಬ ಜನ, ರಸ್ತೆಯಲ್ಲಿ ಎರಡು ಜೀಪು. ನಡುವೆ ನಿಂತ ರೇವಣ್ಣ ಮದುವೆ ಮನೆಯ ಯಜಮಾನನ ಹಾಗೆ ಎಲ್ಲರನ್ನೂ ಬನ್ನಿ ಬನ್ನಿ ಎಂದು ಕರೆಯುತ್ತಿದ್ದ.

"ಏನಿದು ರೇವಣ್ಣ?"

"ಒಣಗಿದ್ದೇ ತಂದಿದಾರೆ ರೈಟ್ರೇ. ನಾನೇ ಕಚ್ಚಿ ನೋಡಿದೀನಿ."

ಏನಾಗಿದೆ ಎಂದು ತಿಳಿಯಲು ಓಂಕಾರಮೂರ್ತಿಗೆ ಐದು ನಿಮಿಷ ಬೇಕಾಯಿತು. ತಿಳಿದದ್ದನ್ನು ತಿಳಿಸಲು ಐದು ಗಂಟೆಯೂ ಸಾಲದು ಎಂಬುದು ಆಮೇಲೆ ಗೊತ್ತಾಯಿತು. ಅಯ್ಯೋ, ಅದು ಆ ಬೋರ್ಡಲ್ಲ, ಇದು ಬೇರೆ ಬೋರ್ಡು ಎಂದ. ಬೇರೆ ಬೋರ್ಡ್ ಅಂದರೆ ಟೀ ಬೋರ್ಡಾ ಎಂದು ಯಾರೋ ಕೇಳಿದರು. ನೋಡಿದರಾದರೂ ನಂಬುತ್ತಾರೆ ಎಂದು ಅವನು ಡಬ್ಬಿ ತಂದು, ಒಂದು ಬೋರ್ಡನ್ನು ಸರಳಿನ ನಡುವೆ ಹೊರಗೆ ಹಿಡಿದ. ಅದೇ ತಪ್ಪಾಯಿತು. ರೇವಣ್ಣ ಅದನ್ನು ಕಿತ್ತುಕೊಂಡು ತಿರುಗಿಸಿ ನೋಡಿದ. ಹಸಿರು ಹಲಗೆ, ತಾಮ್ರದ ಗೆರೆ, ಅಂಚಿನಲ್ಲಿ 'ಪೂಲ್', ಪಕ್ಕದಲ್ಲಿ ನಂಬರು.

"ಟೋಕನ್ನು," ಎಂದು ಅವನು ಅಂಗಳಕ್ಕೆ ಸಾರಿದ. "ಈ ಸಲ ಟೋಕನ್ ಕೊಟ್ಟಿದಾರೆ. ಲೈನಾಗಿ ಬನ್ನಿ."

ಓಂಕಾರಮೂರ್ತಿ ಬೇಡ ಬೇಡ ಎನ್ನುತ್ತಿರುವಾಗಲೇ ಸರಳಿನೊಳಗೆ ಹತ್ತು ಕೈ ಬಂದವು. ಡಬ್ಬಿ ಬರಿದಾಯಿತು. ಹಾಸನದ ಒಬ್ಬರು ಮಾಸ್ತರು, ಧಾರವಾಡದ ಒಬ್ಬ ಗಡಿಯಾರ ರಿಪೇರಿಯವರು, ಹೀಗೆ ಒಂಬತ್ತು ಮಂದಿ ಎರಡು ವರ್ಷ ಕಾದಿದ್ದ ಬೋರ್ಡುಗಳು ಕಣ್ಣೆದುರೇ ಜೇಬುಗಳಿಗೂ ಸೊಂಟಗಳಿಗೂ ಸೇರಿದವು. ತೋಟದ ಕೆಲಸದ ಸಿದ್ದಮ್ಮ ಮನೆಯ ಹಿಂದಿನ ಹತ್ತು ಗುಂಟೆಯಲ್ಲಿ ಬೆಳೆದ ಒಂದೇ ಒಂದು ಮೂಟೆಯನ್ನು ತಲೆಯ ಮೇಲೆ ಹೊತ್ತು ತಂದಿದ್ದಳು. ಕಡೆಯ ಟೋಕನ್ ಅವಳಿಗೆ ಸಿಕ್ಕಿತು. ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಟೋಕನ್ ಸಿಗದವರು ಜಗಳ ತೆಗೆದರು. ರೈಟರು ತನ್ನ ಕಡೆಯವರಿಗೇ ಕೊಟ್ಟ ಎಂದು ಒಬ್ಬ, ಮೇಜಿನ ಮೇಲೆ ಇನ್ನೊಂದನ್ನು ತನಗೇ ಇಟ್ಟುಕೊಂಡಿದ್ದಾನೆ ಎಂದು ಮತ್ತೊಬ್ಬ. ಎರಡನೆಯ ಮಾತು ನಿಜವಾಗಿತ್ತು.

ಗಂಟೆ ಎರಡಾಯಿತು. ಅವನು ಗಂಟಲು ಹರಿದುಕೊಂಡು ಹೇಳಿದ ಯಾವ ಮಾತೂ ಮುಂದಿನ ಸಾಲು ದಾಟಲಿಲ್ಲ. ಹಿಂದಿನ ಸಾಲಿನವರು ಮುಂದಿನವರನ್ನು ಏನಂತೆ ಎಂದು ಕೇಳುತ್ತಿದ್ದರು, ಮುಂದಿನವರು ತಮಗೆ ಬೇಕಾದ್ದನ್ನು ಹೇಳುತ್ತಿದ್ದರು. ಮೂಟೆಗಳು ಜಗಲಿ ತುಂಬಿ ಮೆಟ್ಟಿಲಿಗೆ ಇಳಿದವು. ಸಾಯಂಕಾಲ ದಿವ್ಯಾ ಬಂದರೆ ಮನೆಯೊಳಗೆ ಕಾಲಿಡಲು ದಾರಿಯಿಲ್ಲ. ಆಂಪ್ಲಿಫಯರ್ ಇನ್ನೂ ಅರ್ಧವಾಗಿಲ್ಲ. ಮೇಜು, ಮಾನ, ಎರಡು ವರ್ಷದ ದುಡಿಮೆ, ಎಲ್ಲವೂ ಒಟ್ಟಿಗೆ ಗುಜರಿಯವನ ಪಾಲಾಗುವುದು ಅವನಿಗೆ ಸ್ಪಷ್ಟವಾಗಿ ಕಾಣಿಸಿತು.

ಆಗ ದಾರಿ ತೋರಿಸಿದವನು ಮೈಕ್‌ಸೆಟ್ ಭೂತಯ್ಯ. ಮೂರು ಮೂಟೆ ತಂದಿದ್ದರೂ ಅವನು ಸ್ವಲ್ಪ ಯೋಚನೆ ಮಾಡುವ ಜಾತಿಯವನು. ಕಿಟಕಿಗೆ ಬಂದು ಮೇಜಿನ ಮೇಲಿನದನ್ನು ನೋಡಿ, "ಇದು ಆಂಪ್ಲಿಫಯರ್ ಅಲ್ವಾ ರೈಟ್ರೇ?" ಎಂದ. ಓಂಕಾರಮೂರ್ತಿ ಅಳುವುದೊಂದು ಬಾಕಿ. ಹೌದು ಎಂದ. ಭೂತಯ್ಯನ ಸ್ವಂತ ಆಂಪ್ಲಿಫಯರ್ ಕಳಸದ ಒಂದು ಮದುವೆಗೆ ಹೋಗಿತ್ತು. ಹಾರ್ನು, ಮೈಕು ಜೀಪಿನಲ್ಲೇ ಇದ್ದವು. ನೀವು ಇದನ್ನು ಮುಗಿಸಿ, ನಾನು ಹಾರ್ನು ಕಟ್ಟುತ್ತೇನೆ, ಹೇಳಬೇಕಾದ್ದನ್ನು ಎಲ್ಲರಿಗೂ ಒಂದೇ ಸಲ ಹೇಳಿಬಿಡಿ ಎಂದ.

ಜನ ಕಿಟಕಿಗೆ ಮುತ್ತಿಕೊಂಡು ನೋಡುತ್ತಿರುವಂತೆ ಓಂಕಾರಮೂರ್ತಿ ಮತ್ತೆ ಬೆಸುಗೆಗೆ ಕೂತ. ಅಂಥ ಬೆಸುಗೆಯನ್ನು ಅವನು ಜನ್ಮದಲ್ಲಿ ಹಾಕಿರಲಿಲ್ಲ. ಆ ಕೆಂಪನ್ನು ಆಚೆ ಇಡಿ, ಈ ಕರಿದನ್ನು ಈಚೆ ತನ್ನಿ ಎಂದು ರೇವಣ್ಣ ಕಿಟಕಿಯಿಂದಲೇ ಸಲಹೆ ಕೊಡುತ್ತಿದ್ದ. ಭೂತಯ್ಯ ಅಂಗಳದ ಅಂಚಿನ ಸಿಲ್ವರ್ ಮರ ಹತ್ತಿ, ಕವಲು ಸಿಕ್ಕ ಕಡೆಗೆ ಹಾರ್ನು ಕಟ್ಟಿದ. ಕವಲು ಕಣಿವೆಯ ಕಡೆಗಿತ್ತು. ನಾಲ್ಕೂವರೆಗೆ ಕಡೆಯ ತಂತಿ ಸೇರಿತು. ನಾಲ್ಕು ಮೂಟೆ ಸರಿಸಿ, ಬಾಗಿಲನ್ನು ಒಂದು ಗೇಣು ತೆರೆದು, ಅವನು ಮೈಕು ಹಿಡಿದು ಅಡ್ಡಡ್ಡಲಾಗಿ ಹೊರಗೆ ಬಂದು ಮೂಟೆಗಳ ಮೇಲೆ ನಿಂತ. ಒಳಗೆ ಕೈ ಚಾಚಿ ಸ್ವಿಚ್ ಹಾಕಿದ.

ಗುಂಯ್ ಇಲ್ಲ. ಹೊಗೆ ಇಲ್ಲ. ಯಾವ ದೇಶದ ವಾರ್ತೆಯೂ ಇಲ್ಲ. ಓಂಕಾರಮೂರ್ತಿ ಹೆದರುತ್ತಾ ಮೈಕಿಗೆ ಹಲೋ ಅಂದ. ಕಣಿವೆಯ ತುಂಬ ಹಲೋ ತುಂಬಿಕೊಂಡು, ಎದುರಿನ ಗುಡ್ಡ ಮುಟ್ಟಿ, ತಿರುಗಿ ಬಂತು. ಅದು ಅವನದೇ ಧ್ವನಿ, ಅವನು ಕಟ್ಟಿದ್ದು, ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಮೂಟೆ, ಜನ, ರೇವಣ್ಣ ಎಲ್ಲವೂ ಒಂದು ಕ್ಷಣ ಮರೆತುಹೋಗಿ ಅವನಿಗೆ ಕಣ್ಣೀರು ಬಂತು. ಈ ಘಳಿಗೆಯಲ್ಲಿ ದಿವ್ಯಾ ಇರಬೇಕಿತ್ತು ಎನಿಸಿತು.

ಆಮೇಲೆ ಅವನು ಹೇಳಬೇಕಾದ್ದನ್ನು ಹೇಳಿದ. ಯಾರಿಗೂ ತಪ್ಪು ತಿಳಿಯಬಾರದೆಂದು ಒಂದೊಂದೇ ಮಾತನ್ನು ಬಿಡಿಸಿ, ನಡುವೆ ನಿಲ್ಲಿಸಿ, ಕಡೆಯದನ್ನು ಇದ್ದ ಬಲವೆಲ್ಲ ಹಾಕಿ ಒತ್ತಿ ಹೇಳಿದ.

"ಬೋರ್ಡು ಕಾಫಿ ತಗೊಳ್ಳೋದು... ಇಲ್ಲ. ಕಿಲೋಗೆ ಐವತ್ತು ಕೊಡೋದು... ಇಲ್ಲ. ಪೂಲ್ ಮತ್ತೆ ಶುರು ಆಗೋದು... ಇಲ್ಲ. ನಮ್ಮ ಮನೆಗೆ ಮೂಟೆ ತರೋದು... ಬೇಡ."

ಅವನು ಒತ್ತಿ ಹೇಳಿದಾಗಲೆಲ್ಲ ಒಳಗಿನ ಬಲ್ಬು ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಆ ಊರಿನ ಕರೆಂಟಿಗೆ ಅದು ಹೊಸದಲ್ಲವಾದ್ದರಿಂದ ಯಾರೂ ಗಮನಿಸಲಿಲ್ಲ. ಹಿಂದೆ ನಿಂತವರಿಗಾಗಿ ಇನ್ನೊಮ್ಮೆ ಹೇಳಿದ. ಹೊಸದಾಗಿ ಬಂದವರಿಗಾಗಿ ಮತ್ತೊಮ್ಮೆ. ಹೀಗೆ ಎಂಟೋ ಹತ್ತೋ ಸಲ ಆಯಿತು. ಮಾಡಿದ ಯಂತ್ರದಲ್ಲಿ ಮಾತಾಡುವ ಆಸೆಯೂ ಸ್ವಲ್ಪ ಸೇರಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಅಂಗಳದವರು ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದ, ಯಾರೂ ಮಾಡಲಿಲ್ಲ. ಮೂಟೆಗಳನ್ನು ಒಬ್ಬೊಬ್ಬರಾಗಿ ಮತ್ತೆ ಹೊತ್ತರು. ಬರುವಾಗಿನ ಮೂಟೆಗಿಂತ ಹೋಗುವಾಗಿನ ಮೂಟೆ ಭಾರ ಎಂದು ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಟೋಕನ್ನುಗಳೂ ಒಂದೊಂದಾಗಿ ಡಬ್ಬಿಗೆ ಮರಳಿದವು. ರೇವಣ್ಣ ತನಗೆ ಮೊದಲೇ ಅನುಮಾನವಿತ್ತು ಎಂದು ಇಬ್ಬರು ಮೂವರಿಗೆ ಹೇಳಿ ಬೇಗನೆ ಮಾಯವಾದ. ಸಿದ್ದಮ್ಮ ಸೆರಗಿನ ಗಂಟು ಬಿಚ್ಚಿ ಬೋರ್ಡನ್ನು ಅವನ ಕೈಗಿಟ್ಟಳು.

"ಇಲ್ಲ ಅನ್ನೋದನ್ನ ಇಷ್ಟು ಜೋರಾಗಿ ಹೇಳ್ಬೇಕಿತ್ತಾ ರೈಟ್ರೇ," ಎಂದಳು. ಅವಳ ಮೂಟೆಯನ್ನು ಓಂಕಾರಮೂರ್ತಿ ತಾನೇ ಹೊತ್ತು ಭೂತಯ್ಯನ ಜೀಪಿಗೆ ಹಾಕಿದ.

ಆರು ಗಂಟೆಗೆ ಜಗಲಿ ಖಾಲಿ. ಗುಡಿಸಿ, ನೀರು ಚಿಮುಕಿಸಿ, ಮೇಜಿನ ಒಂದು ಮೂಲೆಯನ್ನು ಒರೆಸಿ, ಹಾರ್ನು ಬಿಚ್ಚಿ ಸ್ಪೀಕರ್ ಜೋಡಿಸಿದ. ದಿವ್ಯಾಗೆ ಇಷ್ಟವಾದ ಕ್ಯಾಸೆಟ್ ಹುಡುಕಿ ಹಾಕಿದ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು, ಬಿಸಿನೀರು ಕುಡಿದರೂ ಹುಸ್ ಎಂದು ಗಾಳಿ ಮಾತ್ರ ಬರುತ್ತಿತ್ತು. ಪರವಾಗಿಲ್ಲ, ಇನ್ನು ಹಾಡುವುದು ಅದರ ಕೆಲಸ ಎಂದುಕೊಂಡು ಜಗಲಿಯ ಮೇಲೆ ಕಾಲು ಚಾಚಿ ಕೂತ. ಇಷ್ಟು ಸುಖವಾಗಿ ಅವನು ಕೂತದ್ದು ಮದುವೆಯಾದ ಮೇಲೆ ಇದೇ ಮೊದಲು.

ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದಾಯಿತು. ಮುಂದಿನ ಸೀಟಿನಲ್ಲಿ ದಿವ್ಯಾ. ಪಕ್ಕದಲ್ಲಿ ಜರಿಯ ಪೇಟ ಸುತ್ತಿಕೊಂಡ ಗಿಡ್ಡಪ್ಪ. ಜೀಪು ನಿಲ್ಲುವ ಮೊದಲೇ ದಿವ್ಯಾ ಇಳಿದು ಬಂದಳು. ಅವಳ ಮುಖ ಇಷ್ಟು ಅರಳಿದ್ದನ್ನು ಓಂಕಾರಮೂರ್ತಿ ಕಂಡೇ ಇರಲಿಲ್ಲ.

"ನಿಮ್ಮ ಆಂಪ್ಲಿಫಯರ್ ಅಷ್ಟು ಚೆನ್ನಾಗಿ ಕೇಳ್ತು ಕಣ್ರೀ. ನಮ್ಮನೆ ಅಂಗಳದಲ್ಲಿ ನಿಂತ್ರೆ ಎದುರಿಗೇ ಮಾತಾಡಿದ ಹಾಗೆ," ಎಂದಳು. "ಅದು ಮೇಜಿನ ಮೇಲೇ ಇರ್ಲಿ. ನಾವು ಕೆಳಗೆ ಕೂತು ಊಟ ಮಾಡೋಣ."

ಓಂಕಾರಮೂರ್ತಿಯ ಎದೆ ಉಬ್ಬಿತು. ಉಬ್ಬಿದ್ದು ಇಳಿಯುವ ಮೊದಲೇ ಗಿಡ್ಡಪ್ಪ ಎರಡೂ ಕೈಯಲ್ಲಿ ಅವನ ಭುಜ ಹಿಡಿದುಕೊಂಡರು.

"ಅಳಿಯಂದ್ರೇ, ಇಷ್ಟು ದಿನ ನಿಮ್ಮನ್ನ ನಗಾಡಿದೆ, ತಪ್ಪಾಯ್ತು. ಕಣಿವೆಯವರೆಲ್ಲ ಕಿವಿ ಕೊಟ್ಟು ಕೇಳಿದೀವಿ. ಒಂದ್ಸಲ ಅಲ್ಲ, ಹತ್ತು ಸಲ. 'ಬೋರ್ಡು ಕಾಫಿ ತಗೊಳ್ಳೋದು. ಕಿಲೋಗೆ ಐವತ್ತು ಕೊಡೋದು. ಪೂಲ್ ಮತ್ತೆ ಶುರು ಆಗೋದು. ನಮ್ಮ ಮನೆಗೆ ಮೂಟೆ ತರೋದು.' ಎಷ್ಟು ಬಿಡಿಸಿ ಬಿಡಿಸಿ ಹೇಳಿದ್ರಿ ಮಾರಾಯ್ರೇ."

ಓಂಕಾರಮೂರ್ತಿಗೆ ಆಗ ಬಲ್ಬು ನೆನಪಾಯಿತು. ಅವನು ಒತ್ತಿ ಕೂಗಿದಾಗಲೆಲ್ಲ ಊರಿನ ಬಡಕಲು ಕರೆಂಟು ಆಂಪ್ಲಿಫಯರಿಗೆ ಸಾಲದೆ, ಅದು ಒಂದು ಕ್ಷಣ ಉಸಿರು ನಿಲ್ಲಿಸಿತ್ತು. ಮೂಟೆಗಳ ಮೇಲೆ ನಿಂತು ಕೂಗಿದ್ದನ್ನು ಅಂಗಳದವರು ಅವನ ಬಾಯಿಂದಲೇ ಕೇಳಿದ್ದರು. ಎದುರಿನ ಗುಡ್ಡದವರಿಗೆ ಅವನ ಒಂದೇ ಒಂದು 'ಇಲ್ಲ'ವೂ ತಲುಪಿರಲಿಲ್ಲ.

ಅವನು ಇಲ್ಲ ಎನ್ನಲು ಬಾಯಿ ತೆರೆದ. ಗಂಟಲಿನಿಂದ ಹುಸ್ ಎಂದು ಗಾಳಿ ಬಂತು. ಇನ್ನಷ್ಟು ಬಲ ಹಾಕಿ ಇಲ್ಲ ಎಂದ. ಮತ್ತೂ ಗಾಳಿ. ಎರಡು ಕೈಯನ್ನೂ ಅಡ್ಡಡ್ಡ ಬೀಸಿದ.

"ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಅಳಿಯಂದ್ರಿಗೆ," ಎಂದು ಗಿಡ್ಡಪ್ಪ ಮಗಳಿಗೆ ಹೇಳಿ, ಹಿಂದಕ್ಕೆ ತಿರುಗಿ ಕೈ ಬೀಸಿದರು. ತಿರುವಿನಲ್ಲಿ ಇನ್ನೂ ಐದಾರು ಜೀಪುಗಳ ದೀಪ ಕಾಣುತ್ತಿತ್ತು. ಮೊದಲ ಮೂಟೆ ಜಗಲಿಯ ಮೇಲೆ ದೊಪ್ಪೆಂದು ಬಿತ್ತು.